ಆರನೇ ಭಾನುವಾರದ ವಗ್ಗರಣಿ

ಬಳ್ಳಾರಿಯಲ್ಲಿ ಭಾನುವಾರ ಬೆಳಿಗ್ಗೆ ಸ್ಟೀಲ್ ಡಬ್ಬಿ ಹಿಡಿದು ಹೊರಟವರನ್ನು ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ವಗ್ಗರಣಿ-ಮಿರ್ಚಿ ತರೋಕೆ, ಇನ್ನೇನು? ನಮ್ಮ ಮನೆಯಲ್ಲಿ ಆ ಡಬ್ಬಿ ಹಿಡಿಯುವ ಕೆಲಸ ಇಪ್ಪತ್ತೈದು ವರ್ಷ ನನ್ನದೇ ಆಗಿತ್ತು. ಆದರೆ ಎರಡು ವರ್ಷದಿಂದ ಅದು ಅಟ್ಟದ ಮೇಲೆ ಕೂತಿತ್ತು. ಕೌಲ್ ಬಜಾರಿನ ಸಂದಿಯೊಂದರಲ್ಲಿದ್ದ ನಮ್ಮ ಅಂಗಡಿ ಮುಚ್ಚಿತ್ತು. ನಡೆಸುತ್ತಿದ್ದವರು ಗಂಡ ಹೆಂಡತಿ. ಅವರನ್ನು ಎಲ್ಲರೂ ಮಾಮ, ಅಕ್ಕ ಅಂತಲೇ ಕರೆಯುತ್ತಿದ್ದೆವು. ವಯಸ್ಸಾಯಿತು, ಇನ್ನು ಒಲೆ ಮುಂದೆ ನಿಲ್ಲೋಕೆ ಆಗಲ್ಲ ಅಂತ ಸಿರುಗುಪ್ಪ ಕಡೆಯ ತಮ್ಮ ಊರಿಗೆ ಹೊರಟುಹೋದರು. ಅಂಗಡಿಗೆ ಬೋರ್ಡು ಇರಲಿಲ್ಲ. ಅವರ ಫೋನ್ ನಂಬರು ಯಾರ ಹತ್ತಿರವೂ ಇರಲಿಲ್ಲ.

ಬೇರೆ ಊರಿನವರಿಗೆ ಒಂದು ಮಾತು. ಒಗ್ಗರಣೆ ಅಂದರೆ ಎಣ್ಣೆಯಲ್ಲಿ ಸಾಸಿವೆ ಸಿಡಿಸುವುದು ಅಂತ ನಿಮಗೆ ಗೊತ್ತು. ನಮ್ಮ ಕಡೆ ಅದೂ ಹೌದು, ಮಂಡಾಳು ನೆನೆಸಿ, ಹಿಂಡಿ, ಮಸಾಲೆಯಲ್ಲಿ ಕಲಸುವ ತಿಂಡಿಗೂ ಅದೇ ಹೆಸರು. ಮಂಡಾಳು ಅಂದರೆ ಮಂಡಕ್ಕಿ. ಧಾರವಾಡದ ಕಡೆ ಅದನ್ನೇ ಚುರಮುರಿ ಅಂತಾರೆ, ಅದರ ತಿಂಡಿಗೆ ಸುಸಲಾ ಅಂತಾರೆ. ನನ್ನ ಹೆಂಡತಿ ಆ ಕಡೆಯವಳು, ಇವತ್ತಿಗೂ ಸುಸಲಾ ಅಂತಲೇ ಅನ್ನುತ್ತಾಳೆ. ಆದೋನಿಗೆ ಹೋದರೆ ಇದೇ ಉಗ್ಗಾನಿ. ನಮ್ಮ ಅಮ್ಮನ ತವರು ಆದೋನಿ. 1953ರವರೆಗೆ ಅದೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಈ ತಿಂಡಿ ಗಡಿಯ ಎರಡೂ ಕಡೆ ಇರುವುದರಲ್ಲಿ ಆಶ್ಚರ್ಯ ಇಲ್ಲ. ಜೊತೆಗೆ ಬಿಸಿಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಇರಲೇಬೇಕು. ಮಿರ್ಚಿ ಇಲ್ಲದ ವಗ್ಗರಣಿಯನ್ನು ನಮ್ಮೂರಲ್ಲಿ ಯಾರೂ ತಿಂಡಿ ಅಂತ ಲೆಕ್ಕ ಹಿಡಿಯುವುದಿಲ್ಲ.

ಬಳ್ಳಾರಿಯಲ್ಲಿ ವಗ್ಗರಣಿ ಸಿಗುವ ಜಾಗಕ್ಕೇನೂ ಬರ ಇಲ್ಲ. ಓಣಿಗೊಂದು ಅಂಗಡಿ ಇದೆ. ಆ ಅಂಗಡಿ ಮುಚ್ಚಿದ ಮೇಲೆ ನಾನು ಹತ್ತಾರು ಕಡೆ ತಿಂದೆ. ಕೆಲವು ಕಡೆ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅಕ್ಕನ ವಗ್ಗರಣಿ ಬಾಯಿಗಿಟ್ಟ ಕೂಡಲೇ ಖಾರ ಅನ್ನಿಸುತ್ತಿರಲಿಲ್ಲ. ಮೊದಲು ಹುಳಿ, ಆಮೇಲೆ ಪುಟಾಣಿಯ, ಅಂದರೆ ಹುರಿಗಡಲೆಯ, ಹುರಿದ ವಾಸನೆ, ನುಂಗಿದ ಮೇಲೆ ಗಂಟಲ ಹಿಂದೆ ಮೆಲ್ಲಗೆ ಏರುವ ಖಾರ. ಆ ಖಾರಕ್ಕೆ ಒಂದು ಘಮ ಇತ್ತು. ಬೇರೆಲ್ಲೂ ಅದು ಸಿಗಲಿಲ್ಲ.

ಮನೆಯಲ್ಲೇ ಮಾಡಬೇಕು ಅಂತ ಹಟಕ್ಕೆ ಬಿದ್ದದ್ದು ಕಳೆದ ಚಳಿಗಾಲದಲ್ಲಿ. ನನ್ನ ತಮ್ಮ ಹೊಸಪೇಟೆಯಲ್ಲಿದ್ದಾನೆ, ಭಾನುವಾರ ಬರುತ್ತಾನೆ. ಆ ಅಂಗಡಿಯ ರುಚಿ ನನ್ನಷ್ಟೇ ಗೊತ್ತಿರುವವನು ಅವನೊಬ್ಬನೇ. ಹೈಸ್ಕೂಲಿನಲ್ಲಿದ್ದಾಗಿಂದ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ತಿಂದವರು. ರುಚಿ ನೋಡಿ ತೀರ್ಪು ಹೇಳುವ ಕೆಲಸ ಅವನಿಗೆ ಬಿಟ್ಟೆ.

ಮೊದಲ ಭಾನುವಾರ ನೆನಪಿನ ಮೇಲೆ ಮಾಡಿದೆ. ಕಿರಾಣಿ ಅಂಗಡಿಯ ಪ್ಯಾಕೆಟ್ ಮಂಡಾಳು ತಂದೆ. ನೀರಿಗೆ ಹಾಕಿದೆ, ಉಳ್ಳಾಗಡ್ಡಿ ಹೆಚ್ಚಿಕೊಂಡು ಬರುವಷ್ಟರಲ್ಲಿ ಅದು ಅಂಬಲಿ ಆಗಿತ್ತು. ಹಿಂಡಿದರೆ ಕೈಯಲ್ಲಿ ಉಂಡೆ. ಮಸಾಲೆಗೆ ಹಾಕಿದರೆ ಉಪ್ಪಿಟ್ಟಿನ ಥರ ಮುದ್ದೆ. ತಮ್ಮ ಎರಡು ತುತ್ತು ತಿಂದು ಸುಮ್ನೆ ಕೂತ.

ಆವತ್ತು ಮಧ್ಯಾಹ್ನ ಅಮ್ಮ ಆದೋನಿಯ ಚಿಕ್ಕಮ್ಮನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಚಿಕ್ಕಮ್ಮ ಕೇಳಿದ ಮೊದಲ ಪ್ರಶ್ನೆ, "ಯಾವ ಬೊರುಗು ತಂದಿ?" ಅಂತ. ಮಂಡಾಳಿಗೆ ಆ ಕಡೆ ಬೊರುಗು ಅಂತಾರೆ. ಮಂಡಾಳಿನಲ್ಲೂ ಬಗೆ ಇದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಗಿರ್‌ಮಿಟ್ಟಿಗೆ, ಖಾರ ಮಂಡಾಳಿಗೆ ಹಗುರಾಗಿ ಉಬ್ಬಿದ್ದು ಬೇಕು. ವಗ್ಗರಣಿಗೆ ಸ್ವಲ್ಪ ದಪ್ಪ, ಗಟ್ಟಿ ಕಾಳಿನದು ಬೇಕು. ಹಗುರಾದದ್ದು ನೀರು ಕಂಡ ಕೂಡಲೇ ಕರಗುತ್ತದೆ. ಗಟ್ಟಿಯದು ನೀರು ಕುಡಿದೂ ಕಾಳಾಗಿಯೇ ಉಳಿಯುತ್ತದೆ.

ಹಾಗಾಗಿ ಎರಡನೇ ವಾರ ಪೇಟೆಗೆ ಹೋಗಿ, ಮಂಡಾಳು ಮಾತ್ರ ಮಾರುವ ಅಂಗಡಿ ಹುಡುಕಿದೆ. ಗೋಣಿಚೀಲಗಳ ನಡುವೆ ಒಬ್ಬ ಅಜ್ಜ ಕೂತಿದ್ದರು. ವಗ್ಗರಣಿಗೆ ಬೇಕು ಅಂದೆ. ಅವರು ಒಂದು ಚೀಲದಿಂದ ಹಿಡಿ ತೆಗೆದು ನನ್ನ ಅಂಗೈ ಮೇಲೆ ಹಾಕಿ, "ತಿಂದು ನೋಡು" ಅಂದರು. ಉಪ್ಪಾಗಿತ್ತು. ಭಟ್ಟಿಯಲ್ಲಿ ಹುರಿಯುವ ಮುಂಚೆಯೇ ಅಕ್ಕಿಗೆ ಉಪ್ಪುನೀರು ಬೆರೆಸುತ್ತಾರೆ ಅಂತ ಆವತ್ತು ತಿಳಿಯಿತು. ಮೊದಲೇ ಕುದಿಸಿ ಒಣಗಿಸಿದ ಭತ್ತದ ಅಕ್ಕಿ ಅದು. ಉಪ್ಪುನೀರು ಕುಡಿದ ಅಕ್ಕಿ ಕಾದ ಮರಳಿಗೆ ಬಿದ್ದಾಗ ಒಳಗಿನ ತೇವ ಆವಿಯಾಗಿ ಕಾಳನ್ನು ಒಮ್ಮೆಲೇ ಉಬ್ಬಿಸುತ್ತದೆ. ಅಜ್ಜ ಇದನ್ನೆಲ್ಲ ಕೈಯಲ್ಲೇ ಮಾಡಿ ತೋರಿಸುತ್ತ ಹೇಳಿದರು. ಆ ಕೈಗಳು ನೋಡೋಕೆ ತುಂಬ ಚೆನ್ನಾಗಿದ್ದವು.

ಉಪ್ಪಿನ ವಿಷಯ ತಿಳಿದದ್ದು ದೊಡ್ಡ ಉಪಕಾರ ಆಯಿತು. ಮನೆಗೆ ಬಂದು ಮಂಡಾಳು ನೆನೆಸಿ ಹಿಂಡಿದ ಮೇಲೆ ಆ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು. ಅಂದರೆ ಮಂಡಾಳಿನ ಉಪ್ಪು ಸ್ವಲ್ಪ ನೀರಿಗೆ ಹೋಗುತ್ತದೆ, ಸ್ವಲ್ಪ ಉಳಿಯುತ್ತದೆ. ಮಸಾಲೆಗೆ ಉಪ್ಪು ಹಾಕುವಾಗ ಕೈ ಹಿಡಿಯಬೇಕು. ಈಗಲೂ ಹೊಸ ಮಂಡಾಳು ತಂದಾಗ ನಾನು ಮೊದಲು ಒಂದು ಹಿಡಿ ಒಣದನ್ನೇ ತಿಂದು ನೋಡುತ್ತೇನೆ.

ಹಿಂಡುವುದರ ಬಗ್ಗೆ ಸ್ವಲ್ಪ ಹೇಳಬೇಕು. ಇದನ್ನು ಕಲಿಯೋಕೆ ನನಗೆ ಎರಡು ವಾರ ಹಿಡಿಯಿತು. ಅಗಲ ಪಾತ್ರೆಯಲ್ಲಿ ನೀರು ತುಂಬಿ ಮಂಡಾಳು ಹಾಕಿದರೆ ಎಲ್ಲ ಮೇಲೆ ತೇಲುತ್ತದೆ. ಅಂಗೈಯಿಂದ ಒತ್ತಿ ಒತ್ತಿ ಮುಳುಗಿಸಬೇಕು. ಗಟ್ಟಿ ಮಂಡಾಳಿಗೆ ಎರಡು ಮೂರು ನಿಮಿಷ ಸಾಕು. ಒಂದು ಕಾಳನ್ನು ಬೆರಳ ನಡುವೆ ಒತ್ತಿ ನೋಡಿ. ಮೆತ್ತಗಾಗಿರಬೇಕು, ಆದರೆ ನಡುವೆ ಒಂದು ಸಣ್ಣ ಗಟ್ಟಿ ಎಳೆ ಉಳಿದಿರಬೇಕು. ಆಗ ತೆಗೆಯಬೇಕು. ಎರಡೂ ಕೈಯಲ್ಲಿ ಬಾಚಿ ಒಮ್ಮೆ ಒತ್ತಿ, ಬಿಟ್ಟು, ಮತ್ತೊಮ್ಮೆ ಒತ್ತಬೇಕು. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಕಾಳು ಒಡೆದು ಹಿಟ್ಟಾಗುತ್ತದೆ. ನೀರು ಬಿಟ್ಟುಬಿಟ್ಟರೆ ಮಸಾಲೆ ತೆಳ್ಳಗಾಗಿ ರುಚಿಯೇ ಇರಲ್ಲ. ಹಿಂಡಿದ್ದನ್ನು ತಟ್ಟೆಯಲ್ಲಿ ಉದುರಿಸಿದರೆ ಒಂದೊಂದು ಕಾಳೂ ಬೇರೆ ಬೇರೆ ಬೀಳಬೇಕು. ಹಾಗೆ ಬಿದ್ದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ.

ಮೂರನೇ ವಾರದ ಪಾಠ ಹುಳಿ. ನಮ್ಮ ಮನೆಯಲ್ಲಿ ಮೊದಲಿಂದಲೂ ಲಿಂಬೆಹಣ್ಣೇ. ಅಮ್ಮ ಅದನ್ನು ಬಿಡೋಕೆ ತಯಾರಿರಲಿಲ್ಲ. ಆದರೆ ಅಂಗಡಿ ವಗ್ಗರಣಿಯ ಬಣ್ಣ ಅಚ್ಚ ಹಳದಿ ಅಲ್ಲ, ಸ್ವಲ್ಪ ಕಂದು ತಿರುಗಿದ ಹಳದಿ. ಲಿಂಬೆ ಹಾಕಿದರೆ ಆ ಬಣ್ಣ ಬರಲ್ಲ. ಅದೂ ಅಲ್ಲದೆ ಬಿಸಿ ಬಾಂಡ್ಲಿಗೆ ಲಿಂಬೆ ಹಿಂಡಿದರೆ ಕಹಿ ತಿರುಗುತ್ತದೆ. ಹುಣಸೆಹಣ್ಣಿನ ನೀರು ಮಾಡಿ, ಉಳ್ಳಾಗಡ್ಡಿ ಬೆಂದ ಮೇಲೆ ಹಾಕಿ, ಹಸಿ ವಾಸನೆ ಹೋಗುವವರೆಗೆ ಕುದಿಸಿದೆ. ಬಣ್ಣ ಬಂತು. ಅಮ್ಮ ತಿಂದು, "ಹೌದು, ಅವರ ಅಂಗಡಿದೂ ಹಿಂಗ ಇರ್ತಿತ್ತು" ಅಂದರು.

ಅದೇ ವಾರ ಪುಟಾಣಿಯದ್ದೂ ಸರಿಹೋಯಿತು. ನಾನು ಮಿಕ್ಸಿಯಲ್ಲಿ ನುಣ್ಣಗೆ ಹಿಟ್ಟು ಮಾಡಿ ಮಸಾಲೆ ಜೊತೆಗೇ ಒಲೆ ಮೇಲೆ ಹಾಕುತ್ತಿದ್ದೆ. ಅದು ಹುಣಸೆ ನೀರು ಕುಡಿದು ಬಾಂಡ್ಲಿಗೆ ಅಂಟಿ ಗೊಜ್ಜಾಗುತ್ತಿತ್ತು. ತರಿತರಿಯಾಗಿ ಪುಡಿ ಮಾಡಿ, ಒಲೆ ಆರಿಸಿದ ಮೇಲೆ ಕಟ್ಟಕಡೆಗೆ ಉದುರಿಸಬೇಕು. ಆಗ ಅದು ಮಂಡಾಳಿನಲ್ಲಿ ಉಳಿದ ನೀರನ್ನು ಹೀರಿಕೊಳ್ಳುತ್ತದೆ, ಹುರಿದ ವಾಸನೆಯೂ ಉಳಿಯುತ್ತದೆ. ಪುಡಿ ಮಾಡುವಾಗ ಒಂದು ತುಂಡು ಒಣ ಕೊಬ್ಬರಿ, ನಾಲ್ಕು ಎಸಳು ಬೆಳ್ಳುಳ್ಳಿ ಸೇರಿಸಿ ಅಂದದ್ದು ಚಿಕ್ಕಮ್ಮ.

ನಾಲ್ಕನೇ ವಾರ ಹಸಿಮೆಣಸಿನಕಾಯಿಯನ್ನು ಹೆಚ್ಚುವುದು ಬಿಟ್ಟು ಜೀರಿಗೆ, ಉಪ್ಪಿನ ಜೊತೆ ಕಲ್ಲಲ್ಲಿ ಕುಟ್ಟಿದೆ. ಮಾಡಿದ ಮೇಲೆ ಹತ್ತು ನಿಮಿಷ ತಟ್ಟೆ ಮುಚ್ಚಿಟ್ಟೆ. ಎರಡರಿಂದಲೂ ಒಳ್ಳೆಯದಾಯಿತು.

ತಮ್ಮ ಆವತ್ತು ತಟ್ಟೆ ಪೂರ್ತಿ ಖಾಲಿ ಮಾಡಿದ. ನೀರು ಕುಡಿದ. ನಾನು ಅವನ ಮುಖ ನೋಡುತ್ತಾ ಕೂತಿದ್ದೆ.

"ಚೊಲೋ ಐತಿ ಅಣ್ಣ," ಅಂದ. "ಆದ್ರ ಅದಲ್ಲ."

ನನಗೂ ಗೊತ್ತಿತ್ತು. ಹುಳಿ ಬಂದಿತ್ತು, ಪುಟಾಣಿ ಬಂದಿತ್ತು. ಗಂಟಲ ಹಿಂದಿನ ಆ ಖಾರ ಬಂದಿರಲಿಲ್ಲ. ನನ್ನ ವಗ್ಗರಣಿಯ ಖಾರ ನಾಲಿಗೆ ತುದಿಗೆ ಚುಚ್ಚಿ ಅಲ್ಲೇ ಮುಗಿಯುತ್ತಿತ್ತು.

ಐದನೇ ವಾರ ನಾನು ದಾರಿ ತಪ್ಪಿದೆ. ಯಾವುದೋ ಗುಟ್ಟಿನ ಮಸಾಲೆ ಇರಬೇಕು ಅನ್ನಿಸಿತು. ಒಣಮೆಣಸಿನಕಾಯಿ, ಧನಿಯಾ, ಚಕ್ಕೆ, ಲವಂಗ ಹುರಿದು ಪುಡಿ ಮಾಡಿ ಹಾಕಿದೆ. ಅದು ಚಿತ್ರಾನ್ನವೂ ಅಲ್ಲ, ಪಲಾವೂ ಅಲ್ಲ, ಏನೋ ಒಂದು ಆಯಿತು. ಮಕ್ಕಳು ತಿನ್ನಲಿಲ್ಲ. ಅರ್ಧ ಬಾಂಡ್ಲಿ ದಂಡ ಆಯಿತು. ತುಂಬ ಬೇಜಾರಾಯಿತು. ಅಷ್ಟು ಒಳ್ಳೆ ಮಂಡಾಳನ್ನು ಕೈಯಾರೆ ಕೆಡಿಸಿದ್ದೆ.

ಆವತ್ತು ಸಂಜೆ ತಮ್ಮನೂ ನಾನೂ ಕಟ್ಟೆ ಮೇಲೆ ಕೂತಿದ್ದೆವು. ಎದುರಿಗೆ ಬಳ್ಳಾರಿ ಗುಡ್ಡ, ಮೇಲೆ ಕೋಟೆಯ ಗೋಡೆ. ಆ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಊರಿಗೆ ವಾಪಸ್ ಕೊಡುತ್ತದೆ. ನಾನೇ ಕೇಳಿದೆ. ಮಸಾಲೆ ಬಿಡು, ಅಕ್ಕ ಎಲ್ಲಿ ನಿಲ್ಲುತ್ತಿದ್ದರು, ಏನೇನು ಮಾಡುತ್ತಿದ್ದರು, ನೆನಪಿದ್ದಷ್ಟು ಹೇಳು.

ಇಬ್ಬರೂ ಸೇರಿ ಅಂಗಡಿಯನ್ನು ಮತ್ತೆ ಕಟ್ಟಿದೆವು. ಬಾಗಿಲ ಎಡಕ್ಕೆ ಮಾಮನ ಒಲೆ, ಅದರ ಮೇಲೆ ಮಿರ್ಚಿಯ ದೊಡ್ಡ ಬಾಂಡ್ಲಿ. ಅದರ ಹಿಂದೆ ಅಕ್ಕನ ಒಲೆ. ಮಾಮನ ಹೆಗಲ ಮೇಲೆ ಕೆಂಪು ಟವೆಲ್. ನೀರಿನ ಕೊಡ ಬೆಂಚಿನ ಕೆಳಗೆ. ಆಮೇಲೆ ತಮ್ಮ ಒಂದು ಮಾತು ಹೇಳಿದ. ಮ್ಯಾಚ್ ಇದ್ದ ದಿನ ನಾವು ಆರು ಗಂಟೆಗೇ ಅಂಗಡಿಗೆ ಹೋಗುತ್ತಿದ್ದೆವು, ಆಗ ಅಕ್ಕ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು.

"ವಗ್ಗರಣಿ ಇನ್ನಾ ಆಗಿಲ್ಲಪ್ಪ. ಮಿರ್ಚಿ ತಿಂತಾ ಇರ್ರಿ."

ನನಗೆ ಥಟ್ಟನೆ ಹೊಳೆಯಿತು. ಯಾವತ್ತೂ ವಗ್ಗರಣಿ ಆಗಿ ಮಿರ್ಚಿ ಆಗಿಲ್ಲ ಅನ್ನುವ ದಿನ ಇರಲಿಲ್ಲ. ಮಿರ್ಚಿಯೇ ಮೊದಲು. ಮಿರ್ಚಿ ಬಿಸಿ ಇರಬೇಕು, ವಗ್ಗರಣಿ ಮುಚ್ಚಿಟ್ಟರೂ ನಡೆಯುತ್ತದೆ. ಹಾಗಿದ್ದಾಗ ಯಾರೇ ಆದರೂ ವಗ್ಗರಣಿ ಮೊದಲು ಮಾಡಿಟ್ಟು ಮಿರ್ಚಿ ಆಮೇಲೆ ಕರಿಯಬೇಕು. ಮನೆಯಲ್ಲಿ ನಾನು ಹಾಗೇ ಮಾಡುತ್ತಿದ್ದೆ. ಅಕ್ಕ ಯಾಕೆ ತಿರುಗಾಮುರುಗಾ ಮಾಡುತ್ತಿದ್ದರು?

ತಮ್ಮನೇ ಅಂದ, "ಅಣ್ಣ, ಮಾಮ ಸೌಟಿನ್ಯಾಗ ಎಣ್ಣಿ ಎತ್ತಿ ಹಿಂದಕ್ಕ ಕೊಡ್ತಿದ್ದಿಲ್ಲೇನು?"

ಕೊಡುತ್ತಿದ್ದರು! ಉದ್ದ ಹಿಡಿಕೆಯ ಸೌಟು. ಮಾಮ ಹಿಂದೆ ತಿರುಗದೆ ಕೈ ಚಾಚುತ್ತಿದ್ದರು, ಅಕ್ಕ ತಮ್ಮ ಬಾಂಡ್ಲಿಯನ್ನು ಮುಂದಕ್ಕೆ ಸರಿಸುತ್ತಿದ್ದರು. ಚೊಂಯ್ ಅಂತ ಸಾಸಿವೆ ಸಿಡಿಯುತ್ತಿತ್ತು. ಸಾವಿರ ಸಲ ನೋಡಿದ್ದೆ. ಮಿರ್ಚಿ ಕರಿದ ಎಣ್ಣೆಯಲ್ಲೇ ಅಕ್ಕ ವಗ್ಗರಣಿ ಹಾಕುತ್ತಿದ್ದರು.

ಆಮೇಲೆ ಯೋಚನೆ ಮಾಡಿದರೆ ಎಲ್ಲ ಸರಿಯಾಗಿ ಕೂಡುತ್ತದೆ. ಮೆಣಸಿನಕಾಯಿಯ ಖಾರ ಇರುವುದು ಕ್ಯಾಪ್ಸೈಸಿನ್ ಅನ್ನುವ ವಸ್ತುವಿನಲ್ಲಿ. ಅದು ಹೆಚ್ಚಾಗಿ ಬೀಜದಲ್ಲಲ್ಲ, ಬೀಜ ಅಂಟಿರುವ ಬಿಳಿ ತಿರುಳಿನಲ್ಲಿ ಇರುತ್ತದೆ. ನೀರಿನಲ್ಲಿ ಅದು ಸರಿಯಾಗಿ ಕರಗಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಮಿರ್ಚಿಯ ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿರುತ್ತಾರೆ. ಒಳಗೆ ಜೀರಿಗೆ, ಅಜವಾನ, ಉಪ್ಪು, ಹುಣಸೆ ಅರೆದು ಸವರಿರುತ್ತಾರೆ. ಕರಿಯುವಾಗ ಆ ಖಾರ, ಆ ಅಜವಾನದ ಘಮ ಸ್ವಲ್ಪ ಸ್ವಲ್ಪ ಎಣ್ಣೆಗೆ ಇಳಿಯುತ್ತದೆ. ಆ ಎಣ್ಣೆ ಮಂಡಾಳಿನ ಪ್ರತಿ ಕಾಳಿಗೂ ಹತ್ತುತ್ತದೆ. ನಾಲಿಗೆ ತುದಿಯಲ್ಲಿ ಚುಚ್ಚದೆ ಗಂಟಲವರೆಗೂ ಮೆಲ್ಲಗೆ ಹೋಗುವ ಖಾರ ಅದೇ ಅಂತ ನಾನು ನಂಬಿದ್ದೇನೆ.

ಆರನೇ ಭಾನುವಾರ ಐದೂವರೆಗೇ ಎದ್ದೆ. ಹಿಂದಿನ ದಿನವೇ ತಿಳಿ ಹಸಿರು ಬಣ್ಣದ ಉದ್ದ ಮೆಣಸಿನಕಾಯಿ ಹನ್ನೆರಡು ತಂದಿದ್ದೆ. ಸೀಳಿ ಮಸಾಲೆ ಸವರಿದೆ. ತಿರುಳು ತೆಗೆಯಲಿಲ್ಲ. ಎಂದಿನಂತೆ ಅಮ್ಮ ಮಕ್ಕಳಿಗೆ ಖಾರ ಆಗುತ್ತದೆ ಅಂತ ತೆಗೆಸುತ್ತಿದ್ದರು, ಈ ಸಲ ಬೇಡ ಅಂದೆ. ಕಾಲು ಕೇಜಿ ಕಡ್ಲಿಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು, ಉಪ್ಪು, ಚಿಟಿಕೆ ಸೋಡಾ, ಅಂಗೈಯಲ್ಲಿ ತಿಕ್ಕಿದ ಅಜವಾನ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಒಂದಿಷ್ಟು ಗಟ್ಟಿ. ಹೊಸ ಶೇಂಗಾ ಎಣ್ಣೆ ಕಾಯಿಸಿ, ಒಂದು ಹನಿ ಹಿಟ್ಟು ಬಿಟ್ಟಾಗ ಕೂಡಲೇ ಮೇಲೆ ಬಂತು. ನಾಲ್ಕು ನಾಲ್ಕರಂತೆ ಮೂರು ಸಲ ಕರಿದೆ.

ಕೊನೆಯ ಮಿರ್ಚಿ ತೆಗೆದ ಮೇಲೆ ಎಣ್ಣೆಯನ್ನು ನೋಡಿದೆ. ಬಣ್ಣ ಸ್ವಲ್ಪ ಕೆಂಚಗಾಗಿತ್ತು. ತಳದಲ್ಲಿ ಹಿಟ್ಟಿನ ಕರಿ ಚೂರು, ಅಜವಾನದ ಕಾಳು. ಮೂಗು ಹತ್ತಿರ ತಂದರೆ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಒಂದು ನಿಮಿಷ ಒಲೆ ಆರಿಸಿ ಬಿಟ್ಟೆ, ಚೂರೆಲ್ಲ ತಳಕ್ಕೆ ಕೂತಿತು. ಸ್ಟೀಲ್ ಜರಡಿಯಲ್ಲಿ ಸೋಸಿ ಐದು ದೊಡ್ಡ ಚಮಚ ಎಣ್ಣೆಯನ್ನು ಇನ್ನೊಂದು ಬಾಂಡ್ಲಿಗೆ ಹಾಕಿದೆ. ಸಾಸಿವೆ, ಜೀರಿಗೆ, ಕರಿಬೇವು. ಮೂರು ಉಳ್ಳಾಗಡ್ಡಿ. ಕುಟ್ಟಿದ ಹಸಿಮೆಣಸಿನಕಾಯಿ ಈ ಸಲ ನಾಲ್ಕೇ, ಮೊದಲು ಎಂಟು ಹಾಕುತ್ತಿದ್ದೆ. ಅರಿಶಿಣ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ನೀರು. ಅದು ಕುದ್ದು ಎಣ್ಣೆ ಬಿಟ್ಟ ಮೇಲೆ 200 ಗ್ರಾಂ ಮಂಡಾಳು ನೆನೆಸಿ ಹಿಂಡಿದ್ದು. ಎರಡು ನಿಮಿಷ ಕೆಳಗೆ ಮೇಲೆ ಮಾಡಿ ಒಲೆ ಆರಿಸಿದೆ. 50 ಗ್ರಾಂ ಪುಟಾಣಿಯ ತರಿ ಉದುರಿಸಿದೆ. ಕೊತ್ತಂಬರಿ. ತಟ್ಟೆ ಮುಚ್ಚಿದೆ.

ಆ ಹತ್ತು ನಿಮಿಷ ಕಾಯುವುದು ಕಷ್ಟ ಆಯಿತು. ತಟ್ಟೆ ತೆಗೆದ ಕೂಡಲೇ ಬಂದ ವಾಸನೆಗೆ ನಾನು ಹಾಗೇ ನಿಂತುಬಿಟ್ಟೆ. ಆ ಸಂದಿ, ಆ ಬೆಂಚು, ಮಾಮನ ಕೆಂಪು ಟವೆಲ್ಲು, ಎಲ್ಲ ಅದರಲ್ಲಿತ್ತು.

ತಮ್ಮನಿಗೆ ಏನೂ ಹೇಳದೆ ತಟ್ಟೆ ಕೊಟ್ಟೆ. ಒಂದು ತುತ್ತು ತಿಂದ. ಅಗಿಯುವುದು ನಿಲ್ಲಿಸಿದ. ನುಂಗಿದ. ಸ್ವಲ್ಪ ಹೊತ್ತು ಹಾಗೇ ಕೂತ, ಗಂಟಲಿಗೆ ಖಾರ ಏರಲಿ ಅಂತ ಕಾಯುತ್ತಿದ್ದ ಅಂತ ನನಗೆ ಗೊತ್ತು. ಆಮೇಲೆ ನನ್ನ ಕಡೆ ತಿರುಗಿ, "ಇದಾ," ಅಂದ. ಅಷ್ಟೇ. ಎರಡನೇ ತಟ್ಟೆ ಅವನೇ ಎದ್ದು ಹಾಕಿಕೊಂಡ. ಅಟ್ಟದ ಮೇಲಿನ ಡಬ್ಬಿ ಇಳಿಸಿ ತೊಳೆದು, ಅವನ ಮನೆಯವರಿಗೆ ಅಂತ ತುಂಬಿಸಿ ಕೊಟ್ಟೆ.

ಮಾಡುವವರಿಗೆ ಎರಡು ಮಾತು ಮಾತ್ರ. ಎಣ್ಣೆ ಆವತ್ತಿನದೇ ಆಗಿರಬೇಕು, ಆವತ್ತೇ ಹೊಸದಾಗಿ ಸುರಿದದ್ದು. ಹಿಂದಿನ ದಿನ ಕರಿದು ಉಳಿದ ಎಣ್ಣೆಯಲ್ಲಿ ಒಮ್ಮೆ ಮಾಡಿ ನೋಡಿದೆ, ಕಮಟು ವಾಸನೆ ಬಂತು, ಆರೋಗ್ಯಕ್ಕೂ ಒಳ್ಳೆಯದಲ್ಲ. ಇನ್ನೊಂದು, ಮೊದಲು ಕರಿದ ಮಿರ್ಚಿ ತಣ್ಣಗಾಗುತ್ತದೆ ಅನ್ನುವ ಚಿಂತೆ ಬೇಡ. ಎಂಟನ್ನು ಮೊದಲು ಕರಿಯಿರಿ, ಎಣ್ಣೆ ತೆಗೆದುಕೊಳ್ಳಿ. ಉಳಿದ ನಾಲ್ಕನ್ನು ವಗ್ಗರಣಿ ಮುಚ್ಚಿಟ್ಟ ಹತ್ತು ನಿಮಿಷದಲ್ಲಿ ಕರಿಯಿರಿ. ಮೊದಲಿನ ಎಂಟು ಅಡುಗೆಮನೆಗೆ ಇಣುಕುವವರಿಗೆ. ನಮ್ಮಲ್ಲಿ ಅವು ಉಳಿದದ್ದೇ ಇಲ್ಲ.

ಮೆಣಸಿನಕಾಯಿಯ ವಿಷಯ ಮಾತ್ರ ಇನ್ನೂ ನನ್ನ ಕೈಗೆ ಪೂರ್ತಿ ಸಿಕ್ಕಿಲ್ಲ. ಒಂದೊಂದು ವಾರ ತಂದದ್ದು ಸಪ್ಪೆ ಇರುತ್ತದೆ, ಒಂದೊಂದು ವಾರ ಬೆಂಕಿ. ಸಪ್ಪೆ ಇದ್ದ ವಾರ ಎಣ್ಣೆಯೂ ಸಪ್ಪೆ. ಈಗ ತರಕಾರಿ ಮಾರುವ ಅಕ್ಕನಿಂದ ಒಂದು ಮುರಿದು ವಾಸನೆ ನೋಡಿಯೇ ತರುತ್ತೇನೆ. ಅವರೂ ಬೇಸರ ಮಾಡಿಕೊಳ್ಳದೆ ಮುರಿಯಲು ಕೊಡುತ್ತಾರೆ.

ಮುಂದಿನ ಭಾನುವಾರ ತಮ್ಮ ಬರಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಹೊಸಪೇಟೆಯಿಂದ ಫೋನ್ ಬಂತು. ಹಿಂದೆ ಮಕ್ಕಳ ಗಲಾಟೆ, ಬಾಂಡ್ಲಿಯ ಸದ್ದು.

"ಅಣ್ಣ, ಮಿರ್ಚಿ ಕರಿದೆ. ಎಣ್ಣಿ ಪೂರ್ತಿ ಆರಬೇಕಾ, ಬಿಸಿ ಇದ್ದಾಗನ ಹಾಕ್ಲಾ?"

"ಒಂದು ನಿಮಿಷ ಬಿಡು," ಅಂದೆ. "ಚೂರು ತಳಕ್ಕ ಕೂಡ್ಲಿ. ಆಮ್ಯಾಲೆ ಸೋಸು. ಮಂಡಾಳು ನೆನಿಯಾಕ ಹಾಕಿಯೇನು?"

"ಹಾಕೀನಿ."

"ಎಷ್ಟೊತ್ತಾತು?"

ಫೋನಿನಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅವನು ಹೆಂಡತಿಗೆ ಕೂಗಿದ್ದು ಕೇಳಿಸಿತು, "ಹಿಂಡು, ಹಿಂಡು, ಲಗೂನ ಹಿಂಡು!"